ಹೊನ್ನೆ ಎಣ್ಣೆಯಲ್ಲಿ ಓಡುವ ನಮ್ಮ ಪಂಪ್‌ಸೆಟ್

ನಮ್ಮ ಪಂಪ್‌ಸೆಟ್ ನೋಡಲು ಬಂದವರೆಲ್ಲ ಮೊದಲು ಕೇಳುವುದು, "ಎಂಜಿನ್ನಿಗೆ ಏನು ಮಾಡಿದ್ರಿ?" ಅಂತ. ಎಂಜಿನ್ ಕೆಲಸ ಸಣ್ಣದು. ಮುಕ್ಕಾಲು ಕೆಲಸ ಇರುವುದು ಬೀಜ ಒಣಗಿಸುವುದರಲ್ಲಿ, ಎಣ್ಣೆ ತೊಳೆಯುವುದರಲ್ಲಿ.

ತೋಟ ಕುಮಟಾ ಕಡೆ, ಅಘನಾಶಿನಿ ದಂಡೆಯಲ್ಲಿ. ಇಂಧನಕ್ಕೆ ಅಂತ ಅಡಿಕೆ, ತೆಂಗಿನ ಒಂದು ಗುಂಟೆ ಜಾಗವನ್ನೂ ಬಿಟ್ಟಿಲ್ಲ. ಒಂದು ಕಾಲಕ್ಕೆ ಇಂಧನಕ್ಕೆ ಅಂತ ಕಾಡುಹರಳು (ಜಟ್ರೋಫಾ) ಬೆಳೆಯುವ ಗುಂಗು ಹತ್ತಿತ್ತಲ್ವಾ, ನಂಬಿ ಹೊಲಕ್ಕೇ ಹಾಕಿದ ಎಷ್ಟೋ ಜನರಿಗೆ ಹೇಳಿದಷ್ಟು ಇಳುವರಿ ಬರಲಿಲ್ಲ. ಹೊನ್ನೆ, ಅಂದರೆ ಸುರಹೊನ್ನೆ, ನಮ್ಮ ಕರಾವಳಿಯದೇ ಮರ. ಉಪ್ಪು ಗಾಳಿ ತಡೆಯುತ್ತದೆ. ಹಿಂದೆ ಇದರ ಎಣ್ಣೆಯಲ್ಲೇ ದೀಪ ಉರಿಯುತ್ತಿತ್ತು. ಹೊಸ ಸಸಿಗಳನ್ನು ಬೇಲಿ ಸಾಲಿಗೆ ನೆಟ್ಟಿದ್ದೇನೆ, ಅವು ಕಾಯಿ ಬಿಡಲು ವರ್ಷಗಟ್ಟಲೆ ಬೇಕು. ಈಗಿನ ಎಣ್ಣೆಯೆಲ್ಲ ಹಳೇ ಮರಗಳದ್ದು. ಬಾವಲಿಗಳು ಸಿಪ್ಪೆ ತಿಂದು ಬೀಜ ಬೀಳಿಸುತ್ತವೆ, ನಾವು ಆರಿಸುತ್ತೇವೆ.

ಒಡೆದ ಕೂಡಲೇ ತಿರುಳು ಬೆಳ್ಳಗೆ ಇರುತ್ತದೆ, ಎಣ್ಣೆ ಅಂಶ ತೀರಾ ಕಡಿಮೆ. ಆಗಲೇ ಗಾಣಕ್ಕೆ ಒಯ್ದರೆ ಸುಮ್ನೆ ಬಾಡಿಗೆ ದಂಡ. ತಿಂಗಳು ಒಂದೂವರೆ ತಿಂಗಳು ಬಿಸಿಲು ತಿಂದ ಮೇಲೆ ತಿರುಳು ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಜಿಡ್ಡು ಹತ್ತುತ್ತದೆ, ಒಂಥರಾ ಗಾಢ ವಾಸನೆ ಬರುತ್ತದೆ. ಆಗ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ಕೊಬ್ಬರಿ ಆಡಿಸುವ ಮಿಲ್ಲಿಗೆ ಮಾತ್ರ ಒಯ್ಯಬೇಡಿ, ಇದು ತಿನ್ನುವ ಎಣ್ಣೆ ಅಲ್ಲ.

ಬಂದ ಎಣ್ಣೆ ಹಸಿರು ಮಿಶ್ರ ಕಪ್ಪು, ತುಂಬಾ ಅಂಟು. ಹಾಗೇ ಹಾಕಿದರೆ ಎಂಜಿನ್ನಿನೊಳಗೆ ಇಂಧನ ಸಿಂಪಡಿಸುವ ನಾಜಲ್ ಕಟ್ಟಿಕೊಳ್ಳುತ್ತದೆ. ನಾನು ಕೈ ಸುಡುವಷ್ಟು ಬಿಸಿ ಮಾಡಿ, ಸ್ವಲ್ಪ ಬಿಸಿನೀರು ಸೇರಿಸಿ ನಿಧಾನ ತಿರುವುತ್ತೇನೆ. ಎಣ್ಣೆ ಕುದಿಯುವಷ್ಟು ಕಾದಿರುವಾಗ ನೀರು ಹಾಕಿದರೆ ಮೈಮೇಲೆ ಸಿಡಿಯುತ್ತದೆ, ಜೋಕೆ. ರಾತ್ರಿ ಬಿಟ್ಟರೆ ಗೋಂದು ಜೋನಿಬೆಲ್ಲದ ಹಾಗೆ ಅಡಿಗೆ ಕೂರುತ್ತದೆ. ಮೇಲಿನದನ್ನು ಬಸಿದು ಮತ್ತೆ ಕಾಯಿಸಬೇಕು. ಕಾದ ಬಾಣಲೆಗೆ ಒಂದು ಹನಿ ಬಿಟ್ಟು ನೋಡಿ. ಚಟಪಟ ಅಂದರೆ ನೀರು ಇನ್ನೂ ಇದೆ. ಸದ್ದು ನಿಂತ ಮೇಲೆ ಆರಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಕ್ಯಾನಿಗೆ ತುಂಬುತ್ತೇನೆ.

ಇನ್ನು ಎಂಜಿನ್. 5 ಎಚ್‌ಪಿಯದು, ಸಿಂಗಲ್ ಸಿಲಿಂಡರ್, ನಿಧಾನ ತಿರುಗುವಂಥದ್ದು. ಇದಕ್ಕೆ ಡೀಸೆಲ್ ಟ್ಯಾಂಕ್ ಪಕ್ಕ ಎರಡನೇ ಟ್ಯಾಂಕ್, ನಡುವೆ ಮೂರು ದಾರಿಯ ವಾಲ್ವ್. ಎಣ್ಣೆಯ ತಾಮ್ರದ ಪೈಪನ್ನು ಸೈಲೆನ್ಸರ್ ಹತ್ತಿರ ಸುತ್ತು ಹಾಕಿಸಿದ್ದೇನೆ. ತಣ್ಣಗಿರುವಾಗ ಈ ಎಣ್ಣೆ ಡೀಸೆಲ್‌ಗಿಂತ ಹತ್ತಾರು ಪಟ್ಟು ಮಂದ. 70–80 ಡಿಗ್ರಿಗೆ ಬಂದರೆ ಸರಿಯಾಗಿ ಸಿಂಪಡಣೆಯಾಗಿ ಉರಿಯುತ್ತದೆ. ಶುರು ಮಾಡುವುದು ಡೀಸೆಲ್‌ನಲ್ಲಿ, ಬಿಸಿಯಾದ ಮೇಲೆ ವಾಲ್ವ್ ತಿರುಗಿಸುವುದು. ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ತಂದು ಸ್ವಲ್ಪ ಹೊತ್ತು ಓಡಿಸಬೇಕು, ಇಲ್ಲದಿದ್ದರೆ ಪೈಪಿನಲ್ಲೇ ಎಣ್ಣೆ ಗಟ್ಟಿಯಾಗಿ ಮರುದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಭುಜ ನೋವು. ಬಿಳಿ ಹೊಗೆ ಬಂದರೆ ಎಣ್ಣೆ ಸಾಕಷ್ಟು ಬಿಸಿಯಾಗಿಲ್ಲ ಅಂತ. ಎಂಜಿನ್ ಆಯಿಲನ್ನೂ ಬೇಗ ಬದಲಿಸುತ್ತೇನೆ. ಉರಿಯದ ಎಣ್ಣೆ ಕೆಳಗಿಳಿದು ಅದನ್ನು ಮಂದ ಮಾಡುತ್ತದೆ.

ನನಗೆ ಧೈರ್ಯ ಕೊಟ್ಟಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ಕೆಲಸ. ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿ ತೋರಿಸಿದವರು ಅವರು. ಘಟ್ಟದ ಮೇಲಿನವರಿಗೆ ಹೊಂಗೆಯೇ ಸುಲಭ.

ಕಾರು, ಹೊಸ ಟ್ರ್ಯಾಕ್ಟರಿಗೆ ಇದು ಬೇಡ, ಅವುಗಳ ಪಂಪು, ನಾಜಲ್ ತುಂಬಾ ಸೂಕ್ಷ್ಮ. ಅವಕ್ಕೆ ಈ ಎಣ್ಣೆಯನ್ನು ಬಯೋಡೀಸೆಲ್ ಆಗಿ ಬದಲಿಸಬೇಕು, ಅದಕ್ಕೆ ಮೆಥನಾಲ್, ಕಾಸ್ಟಿಕ್ ಸೋಡಾ ಎಲ್ಲ ಬೇಕು. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣೇ ಹೋಗುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಮಕ್ಕಳು ಓಡಾಡುವ ಅಂಗಳದಲ್ಲಿ ಅದನ್ನು ಇಡಲು ನಾನು ಒಪ್ಪಲಿಲ್ಲ. ಪಂಪ್‌ಸೆಟ್‌ಗೆ ಅದರ ಗರಜೂ ಇಲ್ಲ.