ನೀವು ಎಷ್ಟು ಎಚ್‌ಪಿ? ಮೆಟ್ಟಿಲು ಹತ್ತಿ ನೀವ ಅಳತಿ ಮಾಡ್ಕೊಳ್ರಿ

"ಮಾಮಾ, ಹಮಾಲರು ಕೆಲಸಾನ ಮಾಡಂಗಿಲ್ಲಂತ, ನಮ್ಮ ಪುಸ್ತಕದಾಗ ಐತಿ" ಅಂತ ನಮ್ಮಕ್ಕನ ಮಗ ಗಂಗಾವತಿ ರೈಸ್ ಮಿಲ್ ಒಂದರ ಮುಂದ ನಿಂತು ಜೋರಾಗಿ ಅಂದುಬಿಟ್ಟ. ಒಂಬತ್ತನೇ ಕ್ಲಾಸು, ಬಾಯಿ ಸ್ವಲ್ಪ ದೊಡ್ಡದು. ಅಲ್ಲೇ 75 ಕೆಜಿ ಭತ್ತದ ಚೀಲ ಬೆನ್ನ ಮ್ಯಾಲ ಹಾಕ್ಕೊಂಡು ಹೊಂಟಿದ್ದ ಅಣ್ಣಾರೊಬ್ರು ಗಕ್ಕನ ನಿಂತು, "ಹಂಗಾರ ಈ ಚೀಲ ತಾನ ಹೊಂಟೈತೇನಪಾ ತಮ್ಮಾ?" ಅಂದ್ರು. ಹುಡುಗ ನನ್ನ ಹಿಂದ ಸರಿದ.

ಹುಡುಗ ಅಂದಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೇನೂ ಅಲ್ಲ. ಫಿಸಿಕ್ಸ್‌ನಾಗ ಕೆಲಸ ಅಂದ್ರ ನೀವು ಹಾಕಿದ ಬಲ ಗುಣಿಸು ಆ ಬಲದ ದಿಕ್ಕಿನಾಗ ವಸ್ತು ಸರಿದ ದೂರ, ಅಷ್ಟ. ಚೀಲ ಹೊತ್ತಾಗ ನೀವು ಹಾಕೋ ಬಲ ಮ್ಯಾಲಕ್ಕ, ಚೀಲ ಹೋಗೋದು ಅಡ್ಡ, ಎರಡರ ನಡುವ 90 ಡಿಗ್ರಿ, ಹಿಂಗಾಗಿ ಸಮತಟ್ಟು ನೆಲದ ಮ್ಯಾಲ ಒಂದೇ ವೇಗದಾಗ ಎಷ್ಟು ದೂರ ನಡದ್ರೂ ಆ ಬಲ ಚೀಲದ ಮ್ಯಾಲ ಮಾಡಿದ ಕೆಲಸ ಸೊನ್ನಿ. ಅದ ಚೀಲಾನ ನೆಲದಿಂದ 1.2 ಮೀಟರ್ ಎತ್ತರದ ಲಾರಿಗೆ ಏರಿಸಿದ್ರ ಕೆಲಸ ಆತು. 75 ಕೆಜಿ ಗುಣಿಸು 9.8 (ಭೂಮಿ ಒಂದೊಂದು ಕೆಜಿನ ಎಳಿಯೋ ಬಲ) ಅಂದ್ರ 735 ನ್ಯೂಟನ್, ಅದನ್ನ 1.2ರಿಂದ ಗುಣಿಸಿದ್ರ 882 ಜೂಲ್ ಕೆಲಸ.

ಹಂಗಾರ ಸಮತಟ್ಟು ನಡದ್ರೂ ಬೆವರು ಯಾಕ ಹರೀತೈತಿ? ನಮ್ಮ ಸ್ನಾಯು ಭಾರ ಹಿಡ್ಕೊಂಡು ಸುಮ್ನ ನಿಂತ್ರೂ ಒಳಗ ಅದರ ಎಳಿಗಳು ಬಿಗಿಯೂದು ಸಡ್ಲಾಗೂದು ನಡದ ಇರ್ತೈತಿ, ಉಂಡ ರೊಟ್ಟಿಯ ಶಕ್ತಿ ಖರ್ಚಾಗಿ ಮೈಯಾಗ ಬಿಸಿ ಆಗಿ ಹೋಗ್ತೈತಿ. ಅದ ಚೀಲಾನ ಗೂಟಕ್ಕ ನೇತು ಹಾಕ್ರಿ, ಗೂಟಕ್ಕ ರೊಟ್ಟಿ ಬೇಕಾಗಂಗಿಲ್ಲ. ಪುಸ್ತಕ ಸೊನ್ನಿ ಅನ್ನೋದು ಚೀಲದ ಲೆಕ್ಕ, ಹಮಾಲರ ಮೈ ಲೆಕ್ಕ ಬ್ಯಾರೆ. ಈ ಒಂದು ಮಾತು ಪುಸ್ತಕದಾಗ ದಪ್ಪ ಅಕ್ಷರದಾಗ ಹಾಕಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಇಲ್ಲಾಂದ್ರ ಮಕ್ಕಳು ಹಿಂಗ ಮಿಲ್ ಮುಂದ ನಿಂತು ಬೈಸ್ಕೊಳ್ತಾವು.

ಇನ್ನೊಂದು ಗೊಂದಲ ನಮ್ಮ ಕನ್ನಡದ್ದ. ಪುಸ್ತಕದಾಗ ಎನರ್ಜಿಗೆ ಶಕ್ತಿ ಅಂತಾರ, ಪವರ್‌ಗೆ ಸಾಮರ್ಥ್ಯ ಅಂತಾರ, ಆದ್ರ ಹಾರ್ಸ್‌ಪವರ್‌ಗೆ (ಎಚ್‌ಪಿ) ಮಾತ್ರ ಅಶ್ವಶಕ್ತಿ! ಪವರ್ ಅಲ್ಲೇನ್ರಿ ಅದು? ಹುಡುಗರು ತಪ್ಪು ಮಾಡಿದ್ರ ಅವರದೇನು ತಪ್ಪು. ನಾನು ನಮ್ಮ ಅಳಿಯಗ ಹೇಳಿದ್ದು ಡ್ಯಾಮ್ ಲೆಕ್ಕ. ಟಿಬಿ (ತುಂಗಭದ್ರಾ) ಡ್ಯಾಮ್‌ನಾಗ ನೀರು ಎಷ್ಟೈತಿ ಅನ್ನೋದು ಟಿಎಂಸಿ (ನೂರು ಕೋಟಿ ಘನ ಅಡಿ), ಕಾಲುವೆಗೆ ಎಷ್ಟು ಜೋರು ಹೊಂಟೈತಿ ಅನ್ನೋದು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ). ಜೂಲ್ ಅಂದ್ರ ಟಿಎಂಸಿ ಇದ್ದಂಗ, ವ್ಯಾಟ್ ಅಂದ್ರ ಸೆಕೆಂಡಿಗೆ ಎಷ್ಟು ಜೂಲ್ ಅನ್ನೋದು, ಕ್ಯೂಸೆಕ್ ಇದ್ದಂಗ. ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದ್ರ ಒಂದು ಟಿಎಂಸಿ ಆಗ್ತೈತಲ್ರಿ, ಹಂಗ 1000 ವ್ಯಾಟ್ ಒಂದು ತಾಸು ಪೂರ್ತಿ ನಡದ್ರ 36 ಲಕ್ಷ ಜೂಲ್, ಅಂದ್ರ ಕರೆಂಟ್ ಬಿಲ್‌ನಾಗಿನ ಒಂದು ಯುನಿಟ್. ಮಳೆಗಾಲದಾಗ ದಿನಾ ಒಳಹರಿವು ಹೊರಹರಿವು ನೋಡೋ ರೈತರಿಗೆ ಇದನ್ನ ಎರಡನೇ ಸಲ ಹೇಳೋ ಅವಶ್ಯ ಇಲ್ಲ.

ಈಗ ಅಳತಿಗೆ ಬರೋಣು. ಬೇಕಾಗೋದು ಒಂದು ಜಿನ್ನ, ಅಂದ್ರ ಮೆಟ್ಟಿಲು, ಒಂದು ಟೇಪು, ತೂಕದ ಮಷಿನ್ನು, ಸ್ಟಾಪ್‌ವಾಚ್ ಇರೋ ಮೊಬೈಲು, ಮತ್ತ ಅದನ್ನ ಹಿಡಿಯಾಕ ಇನ್ನೊಬ್ರು.

ಮೊದಲು ತೂಕ ನೋಡ್ಕೊಂಡು 9.8ರಿಂದ ಗುಣಿಸ್ರಿ. ಕೆಜಿ ಅನ್ನೋದು ಬಲ ಅಲ್ಲ, ಭೂಮಿ ನಿಮ್ಮನ್ನ ಎಳಿಯೋ ಬಲ ನ್ಯೂಟನ್‌ನಾಗ ಬೇಕು. ನಮ್ಮ ಅಳಿಯ 60 ಕೆಜಿ, ಅಂದ್ರ 588 ನ್ಯೂಟನ್.

ಆಮ್ಯಾಲ ಎತ್ತರ. ಇಲ್ಲೇ ಭಾಳ ಮಂದಿ ತಪ್ಪೋದು, ಮೆಟ್ಟಿಲ ಮ್ಯಾಲ ಟೇಪು ಓರಿ ಹಾಸಿ ಉದ್ದ ಅಳೀತಾರ. ಓರಿ ಬ್ಯಾಡ, ನಟ್ಟಗ ಎಷ್ಟು ಏರಿದ್ರಿ ಅದಷ್ಟ ಬೇಕು, ಯಾಕಂದ್ರ ಭೂಮಿ ಎಳಿಯೋದು ನಟ್ಟಗ ಕೆಳಕ್ಕ. ಒಂದು ಮೆಟ್ಟಿಲ ಎತ್ತರ ಅಳದು ಎಷ್ಟು ಮೆಟ್ಟಿಲು ಅದಾವು ಅಷ್ಟರಿಂದ ಗುಣಿಸ್ರಿ. ನಮ್ಮ ಮನಿಯಾಗ 17 ಸೆಂಟಿಮೀಟರ್‌ದು 20 ಮೆಟ್ಟಿಲು, 3.4 ಮೀಟರ್ ಆತು. 588 ಗುಣಿಸು 3.4, ಹತ್ರ ಹತ್ರ 2000 ಜೂಲ್.

ಈಗ ಹತ್ತೋದು. ಒಂದ್ಸಲ ಆರಾಮ ನಡಕೋತ, ಒಂದ್ಸಲ ಓಡಕೋತ, ಎರಡು ಸಲಾನೂ ಟೈಮ್ ಹಿಡೀರಿ. ಎದಿ ತ್ರಾಸು, ಮೊಣಕಾಲು ಬ್ಯಾನಿ ಇರೋರು ಓಡೋ ಉಸಾಬರಿಗೆ ಹೋಗಬ್ಯಾಡ್ರಿ, ನಡದಿದ್ದ ಲೆಕ್ಕ ಸಾಕು. ಹುಡುಗ ನಡದು ಹತ್ತಾಕ 10 ಸೆಕೆಂಡ್ ತಗೊಂಡ, ಓಡಿದಾಗ 4 ಸೆಕೆಂಡ್. ಮೆಟ್ಟಿಲು ಅವ, ತೂಕ ಅದ, ಎರಡು ಸಲಾನೂ ಕೆಲಸ 2000 ಜೂಲ್, ಒಂದು ಜೂಲ್ ಹೆಚ್ಚಿಲ್ಲ ಕಡಿಮಿಲ್ಲ, ಆದ್ರ ಅದನ್ನ ಟೈಮ್‌ನಿಂದ ಭಾಗಿಸಿದ್ರ ನಡದಾಗ 200 ವ್ಯಾಟ್, ಓಡಿದಾಗ 500 ವ್ಯಾಟ್. ಏದುಸಿರು ಬಂದಿದ್ದು ಸಾಮರ್ಥ್ಯದ ಸಲುವಾಗಿ. 746 ವ್ಯಾಟ್‌ಗೆ ಒಂದು ಎಚ್‌ಪಿ, ಹಿಂಗಾಗಿ ಓಡಿದ ಹುಡುಗ 0.67 ಎಚ್‌ಪಿ. ನಂದು ಎಷ್ಟು ಬಂತು ಅಂತ ಬರಿಯಂಗಿಲ್ಲ.

ಈ ಎಚ್‌ಪಿ ಲೆಕ್ಕ ತಂದಾವ ಜೇಮ್ಸ್ ವ್ಯಾಟ್, ತನ್ನ ಸ್ಟೀಮ್ ಎಂಜಿನ್ ಎಷ್ಟು ಕುದುರಿಗೆ ಸಮ ಅಂತ ಗಿರಾಕಿಗೆ ತಿಳಿಬೇಕಲ್ಲ, ಅದಕ್ಕ. ಆದ್ರ ನಮಗ ಚಂದ ಹೊಂದೋದು ಯುರೋಪಿನ ಮೆಟ್ರಿಕ್ ಎಚ್‌ಪಿ, ಬೈಕು ಕಾರಿನ ಬ್ರೋಷರ್‌ನಾಗ ಪಿಎಸ್ (ಜರ್ಮನ್ ಭಾಷೆದಾಗ ಅಶ್ವಶಕ್ತಿ) ಅಂತ ಬರ್ದಿರ್ತಾರಲ್ಲ ಅದು. 75 ಕೆಜಿ ತೂಕಾನ ಒಂದು ಸೆಕೆಂಡಿನಾಗ ಒಂದು ಮೀಟರ್ ಎತ್ತಿದ್ರ ಒಂದು ಪಿಎಸ್. 75 ಕೆಜಿ ಅಂದ್ರ ಏನ್ರಿ? ನಮ್ಮ ಭತ್ತದ ಒಂದು ಚೀಲ! ಜರ್ಮನ್ರು ನಮ್ಮ ಮಾರ್ಕೆಟ್ ನೋಡಿ ಇಟ್ಟಂಗ ಐತಿ.

ಮನಿ ಮೆಟ್ಟಿಲು ಸಾಲ್ಲಿಲ್ಲಾಂದ್ರ ಆನೆಗೊಂದಿ ಕಡೆ ಅಂಜನಾದ್ರಿ ಗುಡ್ಡಕ್ಕ ಹೋಗ್ರಿ, 575 ಮೆಟ್ಟಿಲು ಅದಾವು. ಬ್ಯಾಸಗ್ಯಾಗಾದ್ರ ನಸುಕಿನಾಗ ಹೋಗ್ರಿ, ಮೊಬೈಲ್ ಕಿಸೆದಾಗ ಇಡ್ರಿ, ಅಲ್ಲಿನ ಮಂಗ್ಯಾಗಳಿಗೆ ಸ್ಟಾಪ್‌ವಾಚ್ ಅಂದ್ರೂ ಒಂದ, ಬಾಳೆಹಣ್ಣಂದ್ರೂ ಒಂದ. ಎಲ್ಲಾ ಮೆಟ್ಟಿಲು ಒಂದ ಅಳತಿ ಇರಂಗಿಲ್ಲ, ಲೆಕ್ಕಕ್ಕ ಸರಾಸರಿ 16 ಸೆಂಟಿಮೀಟರ್ ಹಿಡಿದ್ರ 92 ಮೀಟರ್. 70 ಕೆಜಿ ಮನಿಷಾ ಹತ್ತಿದ್ರ 63,112 ಜೂಲ್. ದೊಡ್ಡ ನಂಬರ್ ಅನಸ್ತೈತಿ, ಆದ್ರ ಯುನಿಟ್‌ಗೆ ತಂದು ನೋಡ್ರಿ: 57 ಸಲ ಗುಡ್ಡ ಹತ್ತಿದ್ರ ಒಂದ ಒಂದು ಯುನಿಟ್. ಮನಿಯಾಗ 75 ವ್ಯಾಟ್‌ನ ಫ್ಯಾನು 13 ತಾಸಿನ ಮ್ಯಾಲ ಸ್ವಲ್ಪ ತಿರುಗಿದ್ರ ಅಷ್ಟನ್ನ ತಿಂದು ಹಾಕ್ತೈತಿ. ಮಿಲ್‌ನ ಅಣ್ಣಾರು ಸಾವಿರ ಚೀಲ ಲಾರಿಗೆ ಏರಿಸಿದ್ರೂ ಚೀಲದ ಮ್ಯಾಲ ಆದ ಕೆಲಸ ಕಾಲು ಯುನಿಟ್ ಅಷ್ಟ. ಈ ಲೆಕ್ಕ ಮಾಡಿ ನಾ ಒಂದು ಕ್ಷಣ ಸುಮ್ನ ಕುಂತೆ. ರಾಯಚೂರಿನ ಶಕ್ತಿನಗರದ ಥರ್ಮಲ್ ಸ್ಟೇಷನ್ 1720 ಮೆಗಾವ್ಯಾಟ್, ಎಲ್ಲಾ ಯುನಿಟ್ ಪೂರ್ತಿ ಓಡಿದ್ರ ಒಂದು ತಾಸಿಗೆ 17.2 ಲಕ್ಷ ಯುನಿಟ್ ಕರೆಂಟು. (ಸ್ಥಾವರದ ಯುನಿಟ್ ಬ್ಯಾರೆ, ಬಿಲ್ಲಿನ ಯುನಿಟ್ ಬ್ಯಾರೆ, ಇದೂ ಒಂದು ತಲಿನೋವು.)

ಗುಡ್ಡ ಹತ್ತಿ ಇಳದು ಮಿರ್ಚಿ ಮಂಡಕ್ಕಿ ತಿನ್ನೋರಿಗೂ ಒಂದು ಲೆಕ್ಕ ಐತಿ. 63,112 ಜೂಲ್ ಅಂದ್ರ 15 ಕಿಲೋ ಕ್ಯಾಲರಿ. ನಮ್ಮ ಸ್ನಾಯು ತಿಂದಿದ್ದರಾಗ ಸುಮಾರು ಕಾಲು ಭಾಗಾನ ಕೆಲಸಕ್ಕ ಹಚ್ತೈತಿ, ಉಳಿದಿದ್ದು ಬಿಸಿ, ಹಂಗಾಗಿ ಹತ್ತಾಕ ಖರ್ಚಾಗಿದ್ದು 60 ಕಿಲೋ ಕ್ಯಾಲರಿ ಅಂತ ಇಟ್ಕೊಳ್ರಿ. ಒಂದು ಗ್ರಾಂ ಎಣ್ಣಿಗೆ 9 ಕಿಲೋ ಕ್ಯಾಲರಿ. ಏಳು ಗ್ರಾಂ ಎಣ್ಣಿಗೆ ಗುಡ್ಡದ ಲೆಕ್ಕ ಚುಕ್ತಾ, ಮಿರ್ಚಿ ಎಷ್ಟು ಎಣ್ಣಿ ಕುಡದೈತಿ ನೀವ ನೋಡ್ರಿ.

ಹೊಲದ ಮೋಟರ್‌ಗೂ ಇದ ಸೂತ್ರ. 5 ಎಚ್‌ಪಿ ಅಂದ್ರ 3730 ವ್ಯಾಟ್. ಒಂದು ಲೀಟರ್ ನೀರು ಒಂದು ಕೆಜಿ. 50 ಮೀಟರ್ ಆಳದಿಂದ ಎತ್ತಾಕ ಲೀಟರ್‌ಗೆ 490 ಜೂಲ್ ಬೇಕು, ಏನೂ ನಷ್ಟ ಇಲ್ಲಾಂದ್ರ ಸೆಕೆಂಡಿಗೆ 7.6 ಲೀಟರ್ ಬರಬೇಕು. ನೀರು 100 ಮೀಟರ್‌ಗೆ ಇಳೀತು ಅಂದ್ರ ಅದ ಮೋಟರ್ ಅರ್ಧ ಕೊಡ್ತೈತಿ, 3.8 ಲೀಟರ್. ಪಂಪು, ಪೈಪಿನ ನಷ್ಟ ಕಳದ್ರ ಇನ್ನೂ ಕಡಿಮಿ. ಮೋಟರ್ ಕೆಟ್ಟೈತಿ ಅಂತ ಮೆಕ್ಯಾನಿಕ್‌ಗೆ ಫೋನ್ ಹಚ್ಚೋಕಿಂತ ಮೊದಲು ಬೋರ್‌ನಾಗ ನೀರು ಎಷ್ಟಕ್ಕ ಐತಿ ನೋಡ್ರಿ.

ಕಡೀಗೆ ಉತ್ತರ ಚೆಕ್ ಮಾಡೋದು. ಎತ್ತರ ಮೀಟರ್‌ನಾಗ, ಟೈಮ್ ಸೆಕೆಂಡ್‌ನಾಗ ಇರಬೇಕು. ಮನಿ ಜಿನ್ನ ಹತ್ತಿದ್ದಕ್ಕ ಉತ್ತರ ಒಂದೂವರಿ ಎಚ್‌ಪಿ ದಾಟಿದ್ರ ಎಲ್ಲೋ ಎಡವಟ್ಟಾಗೈತಿ ಅಂತ ತಿಳೀರಿ. ನಮ್ಮ ಅಳಿಯ ಮೊದಲನೇ ಸಲ 3.4 ಮೀಟರ್ ಬದ್ಲಿ 340 ಅಂತ ಸೆಂಟಿಮೀಟರ್ ಹಾಕಿ, 67 ಎಚ್‌ಪಿ ಬಂತು ಮಾಮಾ ಅಂತ ಓಣಿ ತುಂಬ ಹೇಳ್ಕೋತ ಬಂದ. ನಮ್ಮಲ್ಲಿ ಹೊಲ ಹೊಡಿಯೋ ಟ್ರಾಕ್ಟರೇ 45, 50 ಎಚ್‌ಪಿ. ಅವರವ್ವ ಅಡಿಗಿ ಮನಿಯಿಂದ, "ಭಾಳ ಚಲೋ ಆತು, ನಾಳೆ ನಸುಕಿನ್ಯಾಗ ಎದ್ದು ಹೊಲಕ್ಕ ಹೋಗು, ಡೀಜೆಲ್ ಉಳೀತೈತಿ" ಅಂದ್ಲು.