ನಗರಸೇವಕರ ಹಾಸ್ಯ ಅಪಾರ್ಥವಾದಾಗ: ಖಾತೆ ನೋಡಿಕೊಳ್ಳುವವರಿಗೆ ಕೆಲವು ಸೂಚನೆಗಳು

ಮುಂಬಯಿಯ ಉಪನಗರವೊಂದರಲ್ಲಿ ಕೆಲವು ವರ್ಷಗಳ ಹಿಂದೆ, ಕನ್ನಡಿಗರೇ ಆದ ನಗರಸೇವಕರೊಬ್ಬರ, ಅಂದರೆ ಪಾಲಿಕೆಯ ಸದಸ್ಯರೊಬ್ಬರ, ಫೇಸ್‌ಬುಕ್ ಪುಟವನ್ನೂ ವಾಟ್ಸಾಪ್ ಗುಂಪುಗಳನ್ನೂ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ, ಪಾಲಿಕೆಯ ಆಡಳಿತವನ್ನು ಕುಟುಕುವ ಉದ್ದೇಶದಿಂದ ಅವರು ‘ವಾರ್ಡಿನ ನಾಗರಿಕರಿಗೆ ಉಚಿತ ಈಜುಕೊಳ ಇಂದಿನಿಂದ ಆರಂಭ, ಸಮಯ ಬೆಳಿಗ್ಗೆ 6ರಿಂದ ರಾತ್ರಿ 10’ ಎಂದು ಬರೆದು ಹಾಕಿದರು. ಮಧ್ಯಾಹ್ನದೊಳಗೆ ಕಚೇರಿಗೆ ಎರಡು ಬಗೆಯ ಕರೆಗಳು ಬಂದವು. ಮಕ್ಕಳ ಹೆಸರನ್ನು ಎಲ್ಲಿ ಬರೆಸಬೇಕು ಎಂದು ಕೇಳಿದವರು ಕೆಲವರು. ನೆಲಮಹಡಿಯ ಮನೆಗೆ ನೀರು ನುಗ್ಗಿ ಅಕ್ಕಿಡಬ್ಬ ತೇಲುತ್ತಿರುವಾಗ ನಿಮಗೆ ತಮಾಷೆಯೇ ಎಂದು ಗದರಿಸಿದವರು ಹಲವರು. ಅವರು ಕುಟುಕಲು ಹೊರಟಿದ್ದ ಆಡಳಿತದಿಂದ ಮಾತ್ರ ಯಾವ ಕರೆಯೂ ಬರಲಿಲ್ಲ.

ಅಂದು ನಾನು ಮಾಡಿದ ಕೆಲಸಗಳಲ್ಲಿ ಮುಕ್ಕಾಲು ಪಾಲು ತಪ್ಪು. ಮೊದಲು ಸದ್ದಿಲ್ಲದೆ ಬರಹವನ್ನು ಅಳಿಸಿದೆ, ಆಮೇಲೆ ‘ಅದು ಹಾಸ್ಯವಾಗಿತ್ತು, ಅರ್ಥವಾಗದವರಿಗೆ ಏನು ಹೇಳುವುದು’ ಎಂಬ ಧಾಟಿಯ ಸ್ಪಷ್ಟೀಕರಣವನ್ನು ಅವರ ಹೆಸರಿನಲ್ಲಿ ಹಾಕಿದೆ. ಇದೇ ಸ್ಥಾನದಲ್ಲಿ ಇರುವ ಇತರರಿಗೆ, ಅಂದರೆ ಸ್ಥಳೀಯ ಜನಪ್ರತಿನಿಧಿಗಳ ಖಾತೆಯನ್ನು ಸಂಬಳಕ್ಕೋ ಸ್ನೇಹಕ್ಕೋ ನೋಡಿಕೊಳ್ಳುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ, ಉಪಯೋಗವಾಗಲೆಂದು ಅನಂತರ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಅರ್ಧ ಗಂಟೆಯಲ್ಲಿ ಏನನ್ನೂ ಬರೆಯಬೇಡಿ

ಗದ್ದಲ ಎದ್ದ ಕೂಡಲೇ ಉತ್ತರಿಸುವ ಆತುರ ಸಹಜ. ಆದರೆ ಆ ಅರ್ಧ ಗಂಟೆಯನ್ನು ಓದುವುದಕ್ಕೆ ಮೀಸಲಿಡಬೇಕು. ಟೀಕೆಗಳಲ್ಲಿ, ಕರೆಗಳಲ್ಲಿ, ಹೌಸಿಂಗ್ ಸೊಸೈಟಿಯ ಗುಂಪುಗಳಲ್ಲಿ ಜನ ನಿಖರವಾಗಿ ಏನನ್ನು ಹೇಳುತ್ತಿದ್ದಾರೆ ಎಂಬುದನ್ನು ಅವರದೇ ಮಾತಿನಲ್ಲಿ ಕಾಗದದ ಮೇಲೆ ಬರೆದುಕೊಳ್ಳಿ. ನಗರಸೇವಕರ ಆಪ್ತರು ‘ಎಲ್ಲ ವಿರೋಧಿಗಳ ಕೆಲಸ, ಸಾಹೇಬರೇ’ ಎಂದು ಹೇಳುವುದನ್ನು ಆ ಕಾಗದಕ್ಕೆ ಸೇರಿಸಬೇಡಿ. ಹೀಗೆ ಬರೆದುಕೊಂಡಾಗ ‘ಅಪಾರ್ಥ’ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ವಸ್ತು ವಾಸ್ತವದಲ್ಲಿ ಬೇರೆ ಬೇರೆ ಎಂಬುದು ತಿಳಿಯುತ್ತದೆ, ಮತ್ತು ಒಂದಕ್ಕೆ ಹಿಡಿಯುವ ಮದ್ದು ಇನ್ನೊಂದಕ್ಕೆ ವಿಷವಾಗುವ ಸಂಭವವಿದೆ.

ಹಾಸ್ಯವನ್ನು ನಿಜವಾದ ಪ್ರಕಟಣೆ ಎಂದು ನಂಬುವುದು ಮೊದಲನೆಯ ಬಗೆ. ಇದರಲ್ಲಿ ಓದುಗರ ದಡ್ಡತನವೇನೂ ಇಲ್ಲ. ಮುಂಬಯಿಯಲ್ಲಿ 2024ರ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10ರಷ್ಟು ನೀರು ಕಡಿತವನ್ನು ಪಾಲಿಕೆ ನಿಜವಾಗಿಯೇ ಜಾರಿಗೆ ತಂದಿತ್ತು. ಅಂತಹ ಊರಿನಲ್ಲಿ ‘ನಾಳೆಯಿಂದ ಸ್ನಾನ ವಾರಕ್ಕೊಮ್ಮೆ’ ಎಂದು ಜನಪ್ರತಿನಿಧಿಯೊಬ್ಬರು ತಮಾಷೆಗೆ ಬರೆದರೆ ಡ್ರಮ್ಮು ತುಂಬಿಸಲು ಓಡುವವರನ್ನು ನೋಡಿ ನಗುವಂತಿಲ್ಲ. ಇಂತಹ ಸಂದರ್ಭದಲ್ಲಿ ಮಾತ್ರ ಅರ್ಧ ಗಂಟೆ ಕಾಯಬಾರದು; ಕ್ಷಮಾಪಣೆಯ ದೀರ್ಘ ಪತ್ರಕ್ಕಿಂತ ‘ಇದು ಪ್ರಕಟಣೆಯಲ್ಲ, ನೀರಿನ ಸಮಯ ಎಂದಿನಂತೆಯೇ ಇದೆ’ ಎಂಬ ಎರಡು ವಾಕ್ಯಗಳು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ, ಹತ್ತು ನಿಮಿಷದೊಳಗೆ ಹೋಗಬೇಕು.

ಗುರಿ ತಪ್ಪುವುದು ಎರಡನೆಯ ಬಗೆ, ಮತ್ತು ಅತ್ಯಂತ ಸಾಮಾನ್ಯವಾದದ್ದು. ಬರೆದವರು ಆಡಳಿತವನ್ನು ಕುಟುಕಿದ್ದಾರೆ, ಓದಿದವರಿಗೆ ತಮ್ಮನ್ನೇ ಕುಟುಕಿದಂತೆ ಕಂಡಿದೆ. ಇದಕ್ಕೆ ಹೆಸರಾದ ನಿದರ್ಶನ 2009ರ ಸೆಪ್ಟೆಂಬರಿನದು. ಸರ್ಕಾರ ಮಿತವ್ಯಯದ ಮಾತಾಡುತ್ತಿದ್ದ ದಿನಗಳಲ್ಲಿ ಪತ್ರಕರ್ತರೊಬ್ಬರು ‘ಕ್ಯಾಟಲ್ ಕ್ಲಾಸಿ’ನಲ್ಲಿ ಪ್ರಯಾಣ ಮಾಡುತ್ತೀರಾ ಎಂದು ಟ್ವಿಟರ್‌ನಲ್ಲಿ ಕೇಳಿದಾಗ, ಆಗ ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿದ್ದ ಶಶಿ ತರೂರ್ ಅದೇ ಪದವನ್ನು ಹಿಡಿದು ಹಾಸ್ಯವಾಗಿ ಉತ್ತರಿಸಿದರು. ವಿಮಾನದ ಅಗ್ಗದ ದರ್ಜೆಗೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಆ ಚೇಷ್ಟೆಯ ಹೆಸರು, ವಿಮಾನ ಕಂಪನಿಗಳು ಪ್ರಯಾಣಿಕರನ್ನು ದನಗಳಂತೆ ತುಂಬುತ್ತವೆ ಎಂಬ ದೂರನ್ನು ಒಳಗೊಂಡಿದೆ. ನಮ್ಮ ಭಾಷೆಗಳಿಗೆ ಬರುವಾಗ ಆ ದೂರು ಉದುರಿಹೋಗಿ ‘ಸಚಿವರು ಜನರನ್ನು ದನ ಎಂದರು’ ಎಂಬುದಷ್ಟೇ ಉಳಿಯಿತು. ಪ್ರಧಾನಿ ಮನಮೋಹನ್ ಸಿಂಗ್ ಅವರೇ ಅದು ಹಾಸ್ಯ ಎಂದರೂ ತರೂರ್ ಕ್ಷಮೆ ಕೇಳಬೇಕಾಯಿತು. ಅವರ ಸ್ವಂತ ಪಕ್ಷದವರೂ ಸಿಟ್ಟಾಗಿದ್ದರು ಎಂಬುದನ್ನು, ಎಲ್ಲವೂ ವಿರೋಧಿಗಳ ಕೆಲಸ ಎನ್ನುವ ಆಪ್ತರಿಗೆ ನೆನಪಿಸಬಹುದು.

ಮೂರನೆಯದು ಅಪಾರ್ಥವೇ ಅಲ್ಲ. 2013ರ ಏಪ್ರಿಲ್‌ನಲ್ಲಿ, ಮಹಾರಾಷ್ಟ್ರ ತೀವ್ರ ಬರದಲ್ಲಿದ್ದಾಗ, ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ಸಭೆಯೊಂದರಲ್ಲಿ ಅಂದಿನ ಉಪಮುಖ್ಯಮಂತ್ರಿ ಅಜಿತ್ ಪವಾರ್, ಅಣೆಕಟ್ಟಿನ ನೀರಿಗಾಗಿ ಉಪವಾಸ ಕುಳಿತಿದ್ದ ರೈತರೊಬ್ಬರ ವಿಷಯದಲ್ಲಿ ಅಸಭ್ಯವಾದ ತಮಾಷೆ ಮಾಡಿದರು. ಸಭೆ ನಕ್ಕಿತು, ರಾಜ್ಯ ನಗಲಿಲ್ಲ. ಅಲ್ಲಿ ಜನರಿಗೆ ಅರ್ಥವಾಗದ ಅಂಶ ಯಾವುದೂ ಇರಲಿಲ್ಲ. ಅವರು ಸರಿಯಾಗಿಯೇ ಅರ್ಥಮಾಡಿಕೊಂಡು ನೊಂದರು. ಪವಾರ್ ಅದನ್ನು ಅಪಾರ್ಥವೆಂದು ವಾದಿಸುತ್ತ ಕೂರದೆ ಕ್ಷಮೆ ಕೇಳಿದರು, ಕರಾಡದಲ್ಲಿರುವ, ರಾಜ್ಯದ ಮೊದಲ ಮುಖ್ಯಮಂತ್ರಿ ಯಶವಂತರಾವ್ ಚವಾಣರ ಸಮಾಧಿಯ ಬಳಿ ಒಂದು ದಿನ ಉಪವಾಸ ಕುಳಿತರು. ನಿಮ್ಮ ಕಾಗದವನ್ನು ಓದಿ ನೋಡಿದಾಗ ಜನರ ದೂರು ಈ ಮೂರನೆಯ ಬಗೆಯದೆಂದು ತೋರಿದರೆ, ‘ತಪ್ಪು ಗ್ರಹಿಕೆ’ ಎಂಬ ಪದವನ್ನು ಎಲ್ಲಿಯೂ ಬಳಸಬೇಡಿ. ನಮ್ಮ ಈಜುಕೊಳದ ಪ್ರಕರಣ ಎರಡನೆಯದೆಂದು ನಾನು ತಿಳಿದಿದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಮಾಪಕದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದುದನ್ನು ಮೈಮೇಲೆ ಅನುಭವಿಸಿದ ಒಂದು ತಲೆಮಾರೇ ಈ ಊರಿನಲ್ಲಿದೆ. ಅವರ ಪಾಲಿಗೆ ಮನೆಯೊಳಗಿನ ನೀರು ಯಾರ ಬಾಯಲ್ಲಿಯೂ ಹಾಸ್ಯದ ವಸ್ತುವಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಭಾಷೆ ದಾಟುವಾಗ ಉದುರುವ ಗುರುತುಗಳು

ಮುಂಬಯಿಯ ಕನ್ನಡಿಗ ರಾಜಕಾರಣಿ ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಮರಾಠಿಯಲ್ಲಿ ಮತ ಕೇಳಿ, ಹಿಂದಿಯಲ್ಲಿ ಜಗಳವಾಡುವವರು. ಅವರ ಹಾಸ್ಯ ಈ ಗಡಿಗಳನ್ನು ದಾಟುವಾಗ ಅದು ಹಾಸ್ಯವೆಂದು ತೋರಿಸುವ ಸಣ್ಣ ಗುರುತುಗಳೇ ಮೊದಲು ಕಳೆದುಹೋಗುತ್ತವೆ. ‘ರಸ್ತೆ ರಿಪೇರಿ ಮುಗಿದಿದೆಯಂತೆ’ ಎಂಬ ಮಾತಿನಲ್ಲಿ ಕೊಂಕೆಲ್ಲ ‘ಅಂತೆ’ಯಲ್ಲಿದೆ. ಮರಾಠಿಯ ‘ಮ್ಹಣೇ’ ಅದನ್ನು ಬಹುಮಟ್ಟಿಗೆ ಹೊರುತ್ತದೆ. ಹಿಂದಿಗೆ ಯಂತ್ರದಿಂದ ಅನುವಾದವಾದಾಗ ಅದು ಮಾಯವಾಗಿ, ರಸ್ತೆ ರಿಪೇರಿ ಮುಗಿದಿದೆ ಎಂದು ನಗರಸೇವಕರೇ ಘೋಷಿಸಿದಂತಾಗುವ ಅಪಾಯವಿದೆ. ‘ವಿರೋಧ ಪಕ್ಷದವರು ಮತ್ತೆ ರಾಗ ತೆಗೆದರು’ ಎಂದು ನಾವು ಬರೆದರೆ ಗೊಣಗಿದರು ಎಂದರ್ಥ, ಮರಾಠಿ ಓದುಗನಿಗೆ ‘ರಾಗ’ ಎಂದರೆ ಸಿಟ್ಟು. ‘ಚೇಷ್ಟೆ’ಯ ಕತೆ ಇನ್ನೂ ಸೊಗಸು: ನಮಗೆ ಅದು ತುಂಟತನ, ಮರಾಠಿಯಲ್ಲಿ ಗೇಲಿ, ಗ್ರಾಂಥಿಕ ಹಿಂದಿಯಲ್ಲಿ ಪ್ರಯತ್ನ. ಆದುದರಿಂದ ಸ್ಪಷ್ಟೀಕರಣವನ್ನು ಅನುವಾದ ಮಾಡಿಸಬೇಡಿ. ಆಯಾ ಭಾಷೆಯಲ್ಲಿ ಮನೆಮಾತಿನಂತೆ ಯೋಚಿಸುವ ಒಬ್ಬರಿಂದ ಹೊಸದಾಗಿ ಬರೆಸಿ.

ಯಕ್ಷಗಾನದಲ್ಲಿ ಹಾಸ್ಯಗಾರ ರಂಗಕ್ಕೆ ಬಂದಾಗ ಅವನ ವೇಷ, ಹೆಜ್ಜೆ, ಮಾತಿನ ಧಾಟಿ ಎಲ್ಲವೂ ಅವನು ಯಾರೆಂಬುದನ್ನು ಮಾತಿಗೆ ಮೊದಲೇ ಸಾರುತ್ತವೆ, ಅದರಿಂದಲೇ ಅವನು ರಾಜನ ಎದುರಿನಲ್ಲಿಯೇ ರಾಜನನ್ನು ಹಂಗಿಸಬಲ್ಲ. ಫೋನಿನ ಪರದೆಯ ಮೇಲೆ ಹಾಸ್ಯಗಾರನಿಗೂ ರಾಜನಿಗೂ ಒಂದೇ ವೇಷ. ಅದರಲ್ಲೂ ನಗರಸೇವಕರ ವಿಷಯದಲ್ಲಿ ತೊಡಕು ಹೆಚ್ಚು, ಏಕೆಂದರೆ ಅದೇ ಖಾತೆಯಿಂದ ಬೆಳಿಗ್ಗೆ ಲಸಿಕೆ ಶಿಬಿರದ ಸೂಚನೆ ಹೋಗಿರುತ್ತದೆ. ನಿಂದಾಸ್ತುತಿಯ ಪರಂಪರೆಯಲ್ಲಿ ಬೆಳೆದ ನಮಗೆ ಬೈಗುಳದೊಳಗಿನ ಹೊಗಳಿಕೆ, ಹೊಗಳಿಕೆಯೊಳಗಿನ ಬೈಗುಳ ಎರಡೂ ಪರಿಚಿತವೇ. ಆದರೆ ದಾಸರ ಪದವನ್ನು ಕೇಳುವವನಿಗೆ ಹಾಡುವವನ ಭಕ್ತಿ ಮೊದಲೇ ಗೊತ್ತಿರುತ್ತದೆ, ರಾಜಕಾರಣಿಯ ಭಕ್ತಿ ಯಾವ ಕಡೆಗಿದೆ ಎಂಬುದರಲ್ಲಿ ಮತದಾರನಿಗೆ ಆರಂಭದಿಂದಲೇ ಅನುಮಾನ.

ಅಳಿಸಬೇಕೆ, ಇಡಬೇಕೆ

ಸದ್ದಿಲ್ಲದೆ ಅಳಿಸುವುದು ಅತ್ಯಂತ ಕೆಟ್ಟ ದಾರಿ. ವಾಟ್ಸಾಪಿನಲ್ಲಿ ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು, ಸುಮಾರು ಎರಡು ದಿನಗಳವರೆಗೆ ಎಲ್ಲರಿಗೂ ಅಳಿಸಬಹುದು. ಆದರೆ ಅಷ್ಟರೊಳಗೆ ಬೇರೆಯವರು ಮುಂದಕ್ಕೆ ರವಾನಿಸಿದ ಪ್ರತಿಗಳು ಹಾಗೆಯೇ ಉಳಿಯುತ್ತವೆ, ಸ್ಕ್ರೀನ್‌ಶಾಟನ್ನಂತೂ ಅಳಿಸಲು ನಮ್ಮ ಕೈಯಲ್ಲಾಗದು. ಅಳಿಸಿದ ಮೇಲೆ ಆ ಸ್ಕ್ರೀನ್‌ಶಾಟೇ ಏಕೈಕ ಮೂಲವಾಗಿ, ಅದರ ಮೇಲೆ ಯಾರೋ ಬರೆದ ಶೀರ್ಷಿಕೆಯೇ ನಗರಸೇವಕರ ಮಾತಾಗಿಬಿಡುತ್ತದೆ. ಮೊದಲ ಬಗೆಯ ಬರಹವಾದರೆ, ಅಂದರೆ ಜನ ನಂಬಿ ಹಾನಿ ಮಾಡಿಕೊಳ್ಳುವಂತಿದ್ದರೆ, ಅಳಿಸಿ. ಅಳಿಸಿದ್ದೇವೆ, ಇಂತಹ ಕಾರಣಕ್ಕೆ ಎಂದು ಅದೇ ಜಾಗದಲ್ಲಿ ಬರೆಯಿರಿ. ಎರಡನೆಯ ಬಗೆಯದಾದರೆ ಮೂಲವನ್ನು ಬಿಟ್ಟು, ಅದರ ನೆತ್ತಿಯ ಮೇಲೆಯೇ ತಿದ್ದುಪಡಿಯನ್ನು ಸೇರಿಸಿ. ಮೂರನೆಯದಾದರೆ ಕ್ಷಮೆ ಕೇಳಿದ ಮೇಲೆ ತೆಗೆಯಿರಿ, ಮೊದಲೇ ಅಲ್ಲ. ಯಾವುದಕ್ಕೂ ಮುನ್ನ ಮೂಲ ಬರಹ, ಅದರ ದಿನಾಂಕ, ಸಮಯ ಕಾಣುವಂತೆ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ, ಮುಂದೆ ಯಾರಾದರೂ ಪದ ತಿರುಚಿದಾಗ ಅದು ಬೇಕಾಗುತ್ತದೆ.

ಕ್ಷಮೆಯ ವಾಕ್ಯ

ಮರಾಠಿ ರಾಜಕಾರಣದಲ್ಲಿ ‘ದಿಲಗಿರಿ’ ಬೇರೆ, ‘ಮಾಫಿ’ ಬೇರೆ. ಮೊದಲನೆಯದು ನಮ್ಮ ವಿಷಾದಕ್ಕೆ ಸಮ, ಎರಡನೆಯದು ಕ್ಷಮೆಗೆ. ಕನ್ನಡದಲ್ಲಿ ಕ್ಷಮೆ ಕೇಳಿ ಮರಾಠಿಯಲ್ಲಿ ದಿಲಗಿರಿ ವ್ಯಕ್ತಪಡಿಸಿದರೆ, ಎರಡನ್ನೂ ಓದಬಲ್ಲ ಅಕ್ಕಪಕ್ಕದ ಮನೆಯವರು ಸಂಜೆಯೊಳಗೆ ಅದನ್ನು ಪತ್ತೆಹಚ್ಚುತ್ತಾರೆ. ಯಾವುದೋ ಒಂದನ್ನು ನಿರ್ಧರಿಸಿ ಎಲ್ಲ ಭಾಷೆಗಳಲ್ಲಿಯೂ ಅದಕ್ಕೇ ನಿಲ್ಲಿ. ‘ಯಾರಿಗಾದರೂ ನೋವಾಗಿದ್ದರೆ’ ಎಂಬಲ್ಲಿನ ‘ಆಗಿದ್ದರೆ’ಯನ್ನು ಹೊಡೆದುಹಾಕಿ, ನೋವಾದವರು ಕಚೇರಿಗೆ ಫೋನು ಮಾಡಿದ ಮೇಲೆ ಅದರಲ್ಲಿ ಸಂದೇಹವೇನು ಉಳಿಯಿತು? ಹಾಸ್ಯವನ್ನು ಬಿಡಿಸಿ ವಿವರಿಸುವುದು ಬೇಡ. ನಾನು ಈಗ ಬರೆಯುವುದಾದರೆ ಇಷ್ಟು ಬರೆಯುತ್ತೇನೆ: ‘ನಿನ್ನೆ ಬೆಳಿಗ್ಗೆ ನಿಂತ ನೀರಿನ ಬಗ್ಗೆ ನಾನು ತಮಾಷೆಯಾಗಿ ಬರೆದೆ. ಮನೆಗೆ ನೀರು ನುಗ್ಗಿದವರಿಗೆ ಅದರಿಂದ ನೋವಾಗಿದೆ, ಕ್ಷಮೆ ಕೇಳುತ್ತೇನೆ. ಪಂಪು ಇಂಥ ಗಲ್ಲಿಗೆ ಇಷ್ಟು ಗಂಟೆಗೆ ಬರುತ್ತದೆ.’ ಕೊನೆಯ ವಾಕ್ಯ ಸುಳ್ಳಾಗಬಾರದು. ಪಂಪು ಗೊತ್ತಾಗುವವರೆಗೆ ಪ್ರಕಟಣೆಯನ್ನೇ ತಡೆಹಿಡಿಯುವುದು ಮೇಲು.

ಬೆದರಿಕೆಗಳು ಬಂದಾಗ

ಗದ್ದಲದ ನಡುವೆ ಯಾರಾದರೂ 66ಎ ಕಲಮಿನಡಿ ದೂರು ಕೊಡುತ್ತೇವೆ ಎನ್ನುವುದುಂಟು. 2012ರಲ್ಲಿ ಪಾಲ್ಘರ್‌ನ ಇಬ್ಬರು ಯುವತಿಯರನ್ನು ಫೇಸ್‌ಬುಕ್ ಬರಹಕ್ಕಾಗಿ ಬಂಧಿಸಲು ಬಳಕೆಯಾಗಿ ಕುಖ್ಯಾತವಾದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದುಮಾಡಿದೆ. ಹಾಗೆಂದು ಹಾಸ್ಯಕ್ಕೆ ಕಾನೂನಿನ ಭಯವಿಲ್ಲವೆಂದಲ್ಲ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಸಮುದಾಯಗಳ ನಡುವೆ ದ್ವೇಷ ಬೆಳೆಸುವುದನ್ನೂ 356ನೇ ಕಲಮು ಮಾನಹಾನಿಯನ್ನೂ ಅಪರಾಧವಾಗಿಸಿವೆ. ಭಾಷೆ, ಜಾತಿ, ಧರ್ಮದ ಎಳೆ ಇರುವ ಹಾಸ್ಯಕ್ಕೆ ಇಂತಹ ಬೆದರಿಕೆ ಬಂದರೆ ಖಾತೆಯಿಂದ ವಾದಕ್ಕಿಳಿಯದೆ ವಕೀಲರಿಗೆ ಒಪ್ಪಿಸಿ. ಚುನಾವಣೆಯ ನೀತಿಸಂಹಿತೆ ಇದ್ದಾಗಲಂತೂ ಹಾಸ್ಯಕ್ಕೆ ರಜೆ ಕೊಡುವುದೇ ಕ್ಷೇಮ.

ಬೇಕೆಂದೇ ತಪ್ಪಾಗಿ ಓದುವವರೂ ಇರುತ್ತಾರೆ. ಅವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ನೋಡುತ್ತ ನಿಂತಿರುವ ಉಳಿದವರಿಗಾಗಿ ಒಮ್ಮೆ, ಒಂದೇ ಒಮ್ಮೆ, ದಿನಾಂಕ ಸಹಿತ ಮೂಲವನ್ನು ತೋರಿಸಿ ಸುಮ್ಮನಾಗಿ. ಅಭಿಮಾನಿಗಳನ್ನು ಅವರ ಮೇಲೆ ಛೂ ಬಿಡುವುದು ಬೇಡ.

ಹಾಕುವ ಮೊದಲು

ಒಂದೇ ಪರೀಕ್ಷೆಯನ್ನು ನಾನು ಇಂದಿಗೂ ನೆಚ್ಚಿಕೊಂಡಿದ್ದೇನೆ. ಬರಹವನ್ನು ನಗರಸೇವಕರ ಹೆಸರಿಲ್ಲದೆ ಒಂದು ಚೀಟಿಯಲ್ಲಿ ಬರೆದು, ಅವರ ಸ್ವಭಾವವನ್ನು ಅರಿಯದ ಇಬ್ಬರ ಕೈಗೆ, ಒಬ್ಬರು ಮರಾಠಿ ಮನೆಮಾತಿನವರು, ಇನ್ನೊಬ್ಬರು 60 ದಾಟಿದವರು, ಕೊಡಿ. ‘ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ’ ಎಂದಷ್ಟೇ ಕೇಳಿ. ಹಾಸ್ಯವೇ ಎಂದು ಕೇಳಿದರೆ ಉತ್ತರ ಕಲುಷಿತವಾಗುತ್ತದೆ. ಸಮಯ, ಸ್ಥಳ, ದೂರವಾಣಿ ಸಂಖ್ಯೆ ಇರುವ ಪ್ರಕಟಣೆಯ ಅಚ್ಚಿನಲ್ಲಿ ಹಾಸ್ಯವನ್ನು ಎರಕ ಹೊಯ್ಯಬೇಡಿ. ನಮ್ಮನ್ನು ಕೆಡಿಸಿದ್ದು ಆ ‘ಬೆಳಿಗ್ಗೆ 6ರಿಂದ ರಾತ್ರಿ 10’. ತನ್ನನ್ನೇ ಗುರಿಯಾಗಿಸಿಕೊಂಡ ಹಾಸ್ಯ ಇದ್ದುದರಲ್ಲಿ ಸುರಕ್ಷಿತ, ಆದರೂ ಮಾಡದ ಕೆಲಸವನ್ನು ಕುರಿತು ತನ್ನನ್ನು ತಾನೇ ಗೇಲಿ ಮಾಡಿಕೊಂಡರೆ ಜನ ಅದನ್ನು ತಪ್ಪೊಪ್ಪಿಗೆಯೆಂದು ಓದುತ್ತಾರೆ, ಮತ್ತು ಆ ಓದನ್ನು ಅಪಾರ್ಥವೆನ್ನಲು ನನಗೆ ಬಾಯಿ ಬಾರದು.

ಹಳೆಯ ಸ್ಕ್ರೀನ್‌ಶಾಟು ಪ್ರತಿ ಮಳೆಗಾಲದಲ್ಲಿ, ದಿನಾಂಕ ಕತ್ತರಿಸಿಕೊಂಡು, ಹೊಸದೆಂಬಂತೆ ತಿರುಗುತ್ತದೆ. ಅದಕ್ಕೆ ಸಿದ್ಧ ಉತ್ತರವೊಂದನ್ನು ಮೂರು ಭಾಷೆಗಳಲ್ಲಿ ಬರೆದಿಟ್ಟುಕೊಳ್ಳಿ. ಈಜುಕೊಳ ಎಲ್ಲಿದೆ ಎಂದು ಕೇಳಿ ಈಗಲೂ ಜೂನ್ ಕೊನೆಯಲ್ಲಿ ನನಗೆ ಒಂದೆರಡು ಸಂದೇಶಗಳು ಬರುತ್ತವೆ. ಮನೆಯ ಬಳಿ ನೀರು ನಿಂತಿದೆಯೇ ಎಂದು ಕೇಳಿ, ಹೌದೆಂದರೆ ಪಾಲಿಕೆಯ ವಿಪತ್ತು ನಿರ್ವಹಣಾ ಘಟಕದ ಸಂಖ್ಯೆ 1916 ಅನ್ನು ಕಳುಹಿಸುತ್ತೇನೆ.