ಪಿಸ್ತೂಲನ್ನು ಕಾರ್ಬೈನ್ ಮಾಡುವ ಕಿಟ್: ಎರಡು ಕೊಂಡ ಮೇಲೆ ನನಗೆ ತಿಳಿದದ್ದು

ಪಿಸ್ತೂಲನ್ನು ಕಾರ್ಬೈನ್, ಅಂದರೆ ಹೆಗಲಿಗಿಟ್ಟು ಹೊಡೆಯುವ ಹಗುರ ಬಂದೂಕು, ಮಾಡುವ ಕಿಟ್ ಕೊಳ್ಳಬೇಕಾ ಬೇಡವಾ ಎಂದು ಕೇಳುವ ಗೆಳೆಯರಿಗೆ ನಾನು ಮೊದಲು ಒಂದು ಮಾತು ಕೇಳುತ್ತೇನೆ. 25 ಗಜದಲ್ಲಿ ನಿಮ್ಮ ಗುಂಡು ಗುರಿ ತಪ್ಪುವುದು ಪಿಸ್ತೂಲಿನ ತಪ್ಪಿನಿಂದಲಾ, ಕೈ ನಿಲ್ಲದಿರುವುದರಿಂದಲಾ? ಹತ್ತರಲ್ಲಿ ಒಂಬತ್ತು ಜನರಿಗೆ ಉತ್ತರ ಗೊತ್ತು. ಕೈ ನಿಲ್ಲುವುದಿಲ್ಲ. ನನಗೂ ಅಷ್ಟೇ ಆಗಿತ್ತು. ಆ ಕೈ ನಿಲ್ಲಿಸಲು ನಾನು ಎರಡು ಕಿಟ್ ಕೊಂಡೆ, ಆಮೇಲೆ ಒಂದು ಪೂರ್ತಿ ಕಾರ್ಬೈನ್ ಕೊಂಡೆ. ಅದೇ ಕಥೆ ಇದು.

ನಾನು ಕೊಡಗಿನವನು. ಮಡಿಕೇರಿಯಿಂದ ಸ್ವಲ್ಪ ದೂರದ ಹಳ್ಳಿ. ಈಗ ಬಹಳ ವರ್ಷಗಳಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ, ಇಲ್ಲಿನ ಪೌರ. ನಮ್ಮ ಮನೆಯಲ್ಲಿ ಕೋವಿ ಎಂದರೆ ದೇವರ ಕೋಣೆಯ ಪಕ್ಕದಲ್ಲಿ ಇರುವ ವಸ್ತು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಿದ್ದೆವು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ತಾತ ನನ್ನ ಕೈಗೆ ಜೋಡಿ ನಳಿಗೆಯ ಕೋವಿ ಕೊಟ್ಟಾಗ ನಳಿಗೆಯ ಬಗ್ಗೆ ಏನೂ ಹೇಳಲಿಲ್ಲ. ಹೇಳಿದ್ದು ಹಿಂಭಾಗದ ಮರದ ಬಗ್ಗೆ. ಅದು ಹೆಗಲಿಗೆ ಗಟ್ಟಿಯಾಗಿ ಕೂರಬೇಕು, ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ತಾಗಬೇಕು. ಅಷ್ಟಾದರೆ ಕಣ್ಣು ತಾನಾಗಿ ಸಾಲಿಗೆ ಬರುತ್ತದೆ. ಕಿಟ್ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತದೆ. ಯಾಕೆಂದರೆ ಈ ಕಿಟ್‌ಗಳು ನಿಜವಾಗಿ ಮಾರುವುದು ಹೆಗಲು ಮತ್ತು ಕೆನ್ನೆಯ ಆ ಆಸರೆಯನ್ನೇ.

ಇದು ಹೊಸ ಯೋಚನೆ ಅಲ್ಲ. 1896ರ ಮೌಸರ್ ಪಿಸ್ತೂಲಿನ ಮರದ ಒರೆಯನ್ನೇ ಹಿಂದಕ್ಕೆ ಸಿಕ್ಕಿಸಿದರೆ ಸ್ಟಾಕ್, ಅಂದರೆ ಹೆಗಲಿಗೆ ಕೂರುವ ಹಿಂಭಾಗ, ಆಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಫಿರಂಗಿ ದಳದವರಿಗೆ ಉದ್ದ ನಳಿಗೆಯ ಲೂಗರ್ ಕೊಟ್ಟಾಗ ಜೊತೆಗೆ ಮರದ ಸ್ಟಾಕ್ ಕೂಡ ಇತ್ತು. ಈಗ ಮರದ ಬದಲು ಪಾಲಿಮರ್ ಬಂದಿದೆ, ಅಷ್ಟೇ.

ಇವತ್ತಿನ ಕಿಟ್‌ಗಳಲ್ಲಿ ಎರಡು ಜಾತಿ. ಒಂದು ಕವಚ. ಇಡೀ ಪಿಸ್ತೂಲನ್ನು ಪ್ಲಾಸ್ಟಿಕ್ ಚೌಕಟ್ಟಿನ ಒಳಗೆ ಕೂರಿಸಿ ಬಾಗಿಲು ಮುಚ್ಚಿದಂತೆ ಮುಚ್ಚುವುದು. ಇಸ್ರೇಲಿನ ರೋನಿ, ಮೈಕ್ರೋ ರೋನಿ ಈ ಜಾತಿಯವು. ಇನ್ನೊಂದು, ಪಿಸ್ತೂಲಿನ ಸ್ಲೈಡ್ (ಹಿಂದೆ ಮುಂದೆ ಓಡುವ ಮೇಲಿನ ಭಾಗ) ಮತ್ತು ಬ್ಯಾರಲ್ (ನಳಿಗೆ) ಬಿಚ್ಚಿ ಪಕ್ಕಕ್ಕಿಟ್ಟು, ಕೆಳಗಿನ ಫ್ರೇಮಿಗೆ ಬೇರೆಯೇ ಮೇಲ್ಭಾಗ ಜೋಡಿಸುವುದು. ಮೊಂಟಾನಾದ ಮೆಕ್‌ಟೆಕ್ ಕಂಪನಿ ಮಾಡುವುದು ಇದನ್ನು. ಅದಕ್ಕೆ ತನ್ನದೇ 16 ಇಂಚಿಗಿಂತ ಸ್ವಲ್ಪ ಉದ್ದದ ಬ್ಯಾರಲ್ ಇದೆ. ನೋಡಲು ಎರಡೂ ಒಂದೇ ಕೆಲಸ ಮಾಡುವಂತೆ ಕಾಣುತ್ತವೆ. ಆದರೆ ಕಾನೂನಿಗೂ ಗುಂಡಿಗೂ ಎರಡೂ ಬೇರೆ ಬೇರೆ.

ನಾನು ಮೊದಲು ಕೊಂಡದ್ದು ಕವಚ. ಯಾರು ಮಾಡಿದ್ದು ಎಂದು ಹೇಳುವುದಿಲ್ಲ, ಬೇರೆಯವರಿಗೆ ಅದು ಚೆನ್ನಾಗಿಯೇ ನಡೆದಿರಬಹುದು. 2022ರಲ್ಲಿ, ನನ್ನ ಗ್ಲಾಕ್ 17 ಪಿಸ್ತೂಲಿಗೆಂದು ತಂದೆ. ಹಿಂದೆ ಸ್ಟಾಕ್ ಅಲ್ಲ, ಮುಂಗೈಗೆ ಕಟ್ಟುವ ಬ್ರೇಸ್ ಇದ್ದ ಮಾದರಿ. ಪಿಸ್ತೂಲು ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಒಳಗೆ ಜಾರಿಸಿ, ಮುಚ್ಚಿದರೆ ಒಂದು ನಿಮಿಷದ ಕೆಲಸ. ಮೇಲೆ ಒಂದು ರೆಡ್ ಡಾಟ್, ಅಂದರೆ ಕೆಂಪು ಚುಕ್ಕಿ ತೋರಿಸಿ ಗುರಿ ಹಿಡಿಸುವ ಸಾಧನ, ಹಾಕಿದೆ.

ಮೊದಲ ದಿನ ರೇಂಜಿನಲ್ಲಿ ನನಗೆ ನಿಜವಾಗಿ ಖುಷಿಯಾಯಿತು. 25 ಗಜದಲ್ಲಿ ಬರಿಗೈ ಪಿಸ್ತೂಲಿನಿಂದ ಅಕ್ಕಿ ರೊಟ್ಟಿಯಷ್ಟು ಹರಡುತ್ತಿದ್ದ ಗುಂಡುಗಳು ನಮ್ಮ ಅಕ್ಕಿ ಉಂಡೆ ಕಡಂಬುಟ್ಟಿನಷ್ಟು ಜಾಗಕ್ಕೆ ಬಂದವು. ಅದೇ ಬ್ಯಾರಲ್, ಅದೇ ಗುಂಡು, ಅದೇ ಟ್ರಿಗರ್. ಬದಲಾದದ್ದು ಹಿಡಿತ ಮಾತ್ರ.

ಮುಂದಿನ ವಾರ ತೊಂದರೆ ಶುರುವಾಯಿತು. ಪಿಸ್ತೂಲು ತೆಗೆದು, ತೊಳೆದು, ಮತ್ತೆ ಒಳಗೆ ಕೂರಿಸಿದ್ದೆ. ಈಗ ಗುಂಡುಗಳು ಗುರಿಯ ಎಡಕ್ಕೆ, ಮೂರು ಬೆರಳು ಕೆಳಗೆ. ರೆಡ್ ಡಾಟ್ ತಿರುಗಿಸಿ ಸರಿ ಮಾಡಿದೆ. ಮತ್ತೆ ತೆಗೆದು ಹಾಕಿದೆ, ಮತ್ತೆ ಬೇರೆ ಕಡೆ. ಮೂರು ವಾರ ಹೀಗೇ ಆಯಿತು. ಕಾರಣ ಯೋಚಿಸಿದರೆ ಸರಳ. ರೆಡ್ ಡಾಟ್ ಕೂತಿರುವುದು ಕವಚದ ಮೇಲೆ, ಗುಂಡು ಬರುವುದು ಒಳಗಿನ ಪಿಸ್ತೂಲಿನಿಂದ. ಇವೆರಡರ ನಡುವೆ ಒಂದು ಕೂದಲಿನಷ್ಟು ಸಡಿಲ ಇದ್ದರೂ 25 ಗಜದಲ್ಲಿ ಅದು ಇಂಚುಗಳಾಗುತ್ತದೆ. ಒಂದೇ ಪಿಸ್ತೂಲನ್ನು ಬೇಕಾದಾಗ ಕಾರ್ಬೈನ್ ಮಾಡಿಕೊಳ್ಳಿ, ಬೇಡವಾದಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಎಂದೇ ಅಲ್ವಾ ಇದನ್ನು ಮಾರುವುದು? ಪ್ರತಿ ಸಲ ಝೀರೋ ಮಾಡಬೇಕಾದರೆ, ಅಂದರೆ ಚುಕ್ಕಿಯನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸಬೇಕಾದರೆ, ಆ ಮಾತಿಗೆ ಬೆಲೆ ಎಲ್ಲಿ ಬಂತು?

ಎರಡನೆಯ ತೊಂದರೆ ಸ್ಲೈಡಿನದು. ಕವಚದ ಒಳಗಿರುವ ಸ್ಲೈಡನ್ನು ಕೈಯಿಂದ ಎಳೆಯಲು ಆಗುವುದಿಲ್ಲ. ಹಾಗಾಗಿ ಅದರ ಹಿಂತುದಿಗೆ ಒಂದು ಹಿಡಿ ಸಿಕ್ಕಿಸುತ್ತಾರೆ. ಆ ಹಿಡಿ ಸ್ಲೈಡಿನ ಜೊತೆಗೇ ಹಿಂದೆ ಮುಂದೆ ಓಡುತ್ತದೆ. ಗ್ಲಾಕ್ ಇಂಜಿನಿಯರುಗಳು ಸ್ಲೈಡಿನ ತೂಕಕ್ಕೂ ಸ್ಪ್ರಿಂಗಿಗೂ ಲೆಕ್ಕ ಹಾಕಿ ಕೂರಿಸಿರುತ್ತಾರೆ, ನಾವು ಅದಕ್ಕೆ ತೂಕ ಸೇರಿಸಿದಂತಾಗುತ್ತದೆ. ಸ್ವಲ್ಪ ಕಡಿಮೆ ಶಕ್ತಿಯ ಗುಂಡು ಹಾಕಿದಾಗ ಖಾಲಿ ತೋಟೆ ಹೊರಗೆ ಬೀಳದೆ ಬಾಯಲ್ಲೇ ನಿಂತುಬಿಡುತ್ತಿತ್ತು. ಆ ಗ್ಲಾಕ್ ಬರಿಗೈಯಲ್ಲಿ ನನಗೆ ಯಾವತ್ತೂ ಹಾಗೆ ಮಾಡಿರಲಿಲ್ಲ.

ಮೂರನೆಯದು ತೊಂದರೆಗಿಂತ ಭಯ. ಪಿಸ್ತೂಲಿನ ಬ್ಯಾರಲ್ 4.49 ಇಂಚು. ಕವಚದಲ್ಲಿ ಮುಂದಿನ ಕೈ ಇಡುವ ಜಾಗ ನಳಿಗೆಯ ಬಾಯಿಗೆ ಬಹಳ ಹತ್ತಿರ. ಕಾರ್ಬೈನ್ ಹಿಡಿದವರ ಕೈ ಅಭ್ಯಾಸದಿಂದ ಮುಂದೆ ಮುಂದೆ ಹೋಗುತ್ತದೆ. ಇದನ್ನು ಮೊದಲ ಸಲ ಹಿಡಿಯುವವರ ಪಕ್ಕದಲ್ಲಿ ನಾನು ಈಗಲೂ ಕಣ್ಣು ಮಿಟುಕಿಸದೆ ನಿಲ್ಲುತ್ತೇನೆ. ಮುಂದೆ ನೇರ ನಿಂತ ಹಿಡಿ ಸಿಕ್ಕಿಸಿದರೆ ಕೈ ಜಾರುವುದಿಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಇಷ್ಟು ಗಿಡ್ಡ ಪಿಸ್ತೂಲಿಗೆ ಅದನ್ನು ಹಾಕಿದರೆ ಫೆಡರಲ್ ಕಾನೂನಿನಲ್ಲಿ ಅದು ನೋಂದಣಿ ಬೇಕಾದ ಬೇರೆಯೇ ವರ್ಗಕ್ಕೆ ಹೋಗುತ್ತದೆ.

ಕಾನೂನಿನ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ ಹೆಗಲಿಗೆ ಇಡುವ ರೈಫಲ್‌ನ ಬ್ಯಾರಲ್ 16 ಇಂಚಿಗಿಂತ ಕಡಿಮೆ ಇದ್ದರೆ, ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇದ್ದರೆ, ಅದು ಶಾರ್ಟ್ ಬ್ಯಾರಲ್ಡ್ ರೈಫಲ್. ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್‌ಗೆ ಮೊದಲೇ ಅರ್ಜಿ ಹಾಕಿ, ಬೆರಳಚ್ಚು, ಫೋಟೋ ಕೊಟ್ಟು, ಒಪ್ಪಿಗೆ ಬಂದ ಮೇಲೆಯೇ ಜೋಡಿಸಬೇಕು. ಬಹಳ ಕಾಲ ಇದಕ್ಕೆ 200 ಡಾಲರ್ ತೆರಿಗೆ ಇತ್ತು. 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ ಆಗಿದೆ. ಆದರೆ ನೋಂದಣಿ ಹಾಗೇ ಇದೆ. ತೆರಿಗೆ ಹೋಯಿತು ಎಂದರೆ ಕಾನೂನೇ ಹೋಯಿತು ಎಂದು ಸುಮ್ನೆ ಅಂದುಕೊಂಡವರನ್ನು ನಾನು ನೋಡಿದ್ದೇನೆ. ತಪ್ಪಿದರೆ ಹತ್ತು ವರ್ಷದವರೆಗೆ ಜೈಲು. ಗ್ಲಾಕನ್ನು ಸ್ಟಾಕ್ ಇರುವ ಕವಚಕ್ಕೆ ಒಂದು ನಿಮಿಷ ಕೂರಿಸಿ ನೋಡಿದರೂ ಅದು ತಪ್ಪೇ.

ನನ್ನದು ಬ್ರೇಸ್ ಮಾದರಿ, ಹಾಗಾಗಿ ಚಿಂತೆ ಇಲ್ಲ ಎಂದುಕೊಂಡಿದ್ದೆ. 2023ರ ಜನವರಿಯಲ್ಲಿ ಎಟಿಎಫ್ ಹೊಸ ನಿಯಮ ತಂದಿತು. ಬ್ರೇಸ್ ಇರುವ ಬಹಳಷ್ಟು ಪಿಸ್ತೂಲುಗಳು ಅದರ ಪ್ರಕಾರ ಗಿಡ್ಡ ರೈಫಲ್‌ಗಳೇ. ಆ ರಾತ್ರಿಯೇ ಪಿಸ್ತೂಲು ಹೊರಗೆ ತೆಗೆದು, ಕವಚದಿಂದ ಬ್ರೇಸ್ ಬಿಚ್ಚಿ, ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕಿದೆ. ಹೊರದೇಶದಿಂದ ಬಂದು ಪೌರತ್ವ ಪಡೆದವನು ನಾನು, ಇಂಥದ್ದರಲ್ಲಿ ಅದೃಷ್ಟ ಪರೀಕ್ಷೆ ಮಾಡುವುದಿಲ್ಲ. 2024ರ ಜೂನ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಅಷ್ಟರಲ್ಲಿ ನನ್ನ ಕವಚ ಒಂದೂವರೆ ವರ್ಷ ಪೆಟ್ಟಿಗೆಯಲ್ಲೇ ಕಳೆದಿತ್ತು.

ಆ ನಡುವೆ ಕೊಂಡದ್ದೇ ಮೆಕ್‌ಟೆಕ್ ಮೇಲ್ಭಾಗ. ಬ್ಯಾರಲ್ 16 ಇಂಚು ದಾಟಿರುವುದರಿಂದ ಸ್ಟಾಕ್ ಹಾಕಿದರೂ ಅದು ಮಾಮೂಲಿ ರೈಫಲ್. ಒಂದೇ ಫ್ರೇಮನ್ನು ಪಿಸ್ತೂಲಿನಿಂದ ರೈಫಲ್, ರೈಫಲ್‌ನಿಂದ ಮತ್ತೆ ಪಿಸ್ತೂಲು ಮಾಡಬಹುದೇ ಎಂಬ ಅನುಮಾನ ನನಗೂ ಇತ್ತು. ಥಾಂಪ್ಸನ್ ಸೆಂಟರ್ ಎಂಬ ಕಂಪನಿ ಪಿಸ್ತೂಲಿನ ಜೊತೆ 21 ಇಂಚಿನ ಬ್ಯಾರಲ್ ಮತ್ತು ಸ್ಟಾಕ್ ಇದ್ದ ಕಿಟ್ ಮಾರಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 1992ರಲ್ಲಿ ಕಂಪನಿಯ ಪರ ತೀರ್ಪು ಬಂತು. ಎಟಿಎಫ್ ಕೂಡ 2011ರಲ್ಲಿ, ಮೊದಲು ಪಿಸ್ತೂಲಾಗಿದ್ದದ್ದು ಹಿಂದಕ್ಕೆ ಪಿಸ್ತೂಲಾಗಬಹುದು ಎಂದು ಒಪ್ಪಿತು. ಮೊದಲೇ ರೈಫಲ್ ಆಗಿ ತಯಾರಾದದ್ದಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಜೋಡಿಸುವ ಕ್ರಮವೂ ಮುಖ್ಯ. ಗಿಡ್ಡ ಬ್ಯಾರಲ್ ಮತ್ತು ಸ್ಟಾಕ್ ಒಂದು ಕ್ಷಣವೂ ಒಟ್ಟಿಗೆ ಒಂದೇ ಬಂದೂಕಿನ ಮೇಲೆ ಇರಬಾರದು. ಮೆಕ್‌ಟೆಕ್‌ನಲ್ಲಿ ಸ್ಟಾಕ್ ಇರುವುದು ಉದ್ದ ಬ್ಯಾರಲ್ ಇರುವ ಮೇಲ್ಭಾಗದಲ್ಲೇ, ಆದ್ದರಿಂದ ಆ ಗೊಂದಲ ಬರಲಿಲ್ಲ.

ಗುಂಡಿನ ವೇಗದಲ್ಲೂ ಸ್ವಲ್ಪ ಲಾಭ ಇದೆ. 115 ಗ್ರೇನ್ (ಗುಂಡಿನ ತೂಕದ ಅಳತೆ) ಇರುವ ಮಾಮೂಲಿ 9 ಎಂಎಂ ಗುಂಡು ಗ್ಲಾಕ್‌ನಿಂದ ಸೆಕೆಂಡಿಗೆ 1150 ಅಡಿಯ ಆಸುಪಾಸಿನಲ್ಲಿ ಹೋದರೆ, 16 ಇಂಚಿನ ಬ್ಯಾರಲ್‌ನಿಂದ 100ರಿಂದ 200 ಅಡಿ ಜಾಸ್ತಿ ಸಿಗುತ್ತದೆ. 147 ಗ್ರೇನ್‌ನ ಭಾರದ ಗುಂಡಿಗೆ ಅಷ್ಟೂ ಸಿಗುವುದಿಲ್ಲ. 9 ಎಂಎಂ ಮದ್ದು ಬೇಗ ಉರಿದು ಮುಗಿಯುವಂಥದ್ದು. ಕವಚದ ಕಿಟ್‌ನಲ್ಲಿ ಬ್ಯಾರಲ್ ಬದಲಾಗದಿರುವುದರಿಂದ ಲಾಭ ಸೊನ್ನೆ. ಕಾರ್ಬೈನ್ ಥರ ಕಾಣುತ್ತದೆ, ಹಾಗಾಗಿ ಕಾರ್ಬೈನ್ ಥರ ಹೊಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ.

ಮೆಕ್‌ಟೆಕ್‌ನಲ್ಲಿ ರೆಡ್ ಡಾಟ್ ಮತ್ತು ಬ್ಯಾರಲ್ ಎರಡೂ ಒಂದೇ ಮೇಲ್ಭಾಗಕ್ಕೆ ಸೇರಿವೆ. ಫ್ರೇಮ್ ಎಷ್ಟು ಸಲ ತೆಗೆದು ಹಾಕಿದರೂ ಝೀರೋ ಜರುಗಲಿಲ್ಲ. ಇದು ನನಗೆ ದೊಡ್ಡ ಸಮಾಧಾನ. 50 ಗಜದಲ್ಲಿ ಲೋಹದ ತಟ್ಟೆಗಳು ಒಂದಾದ ಮೇಲೊಂದು ಠಣ್ ಎಂದವು. ಒದೆತ ಮಾತ್ರ ನಾನು ನೆನೆಸಿದ್ದಕ್ಕಿಂತ ಜಾಸ್ತಿ. ಗ್ಲಾಕ್‌ನಲ್ಲಿ ಬ್ಯಾರಲ್ ಮತ್ತು ಸ್ಲೈಡ್ ಕೊಂಡಿ ಹಾಕಿಕೊಂಡು ಸ್ವಲ್ಪ ಹಿಂದೆ ಹೋಗಿ ಆಮೇಲೆ ಬಿಡಿಸಿಕೊಳ್ಳುತ್ತವೆ. ಇಲ್ಲಿ ಹಾಗಿಲ್ಲ. ತೋಟೆಯ ಹಿಂದೆ ನಿಲ್ಲುವ ಲೋಹದ ತುಂಡು, ಅಂದರೆ ಭಾರದ ಬೋಲ್ಟ್, ಮತ್ತು ಸ್ಪ್ರಿಂಗ್ ಮಾತ್ರ ಎಲ್ಲವನ್ನೂ ತಡೆಯಬೇಕು. ಆ ಭಾರ ಹಿಂದಕ್ಕೆ ಬಂದು ಬಡಿದಾಗ ಹೆಗಲಿಗೆ ಗೊತ್ತಾಗುತ್ತದೆ. ಮತ್ತೆ ಪಿಸ್ತೂಲಿನ ಟ್ರಿಗರ್. ನಮ್ಮೂರಲ್ಲಿ ಕುದುರೆ ಎನ್ನುತ್ತೇವಲ್ಲ, ಅದು ಪಿಸ್ತೂಲಿನಲ್ಲಿ ಸರಿ ಅನಿಸುತ್ತಿತ್ತು, ಹೆಗಲಿಗಿಟ್ಟಾಗ ಎಳೆಯಲು ಭಾರ ಅನಿಸಿತು.

ಆಮೇಲೆ ಒಬ್ಬ ಸ್ನೇಹಿತರು ತಮ್ಮ ರೂಗರ್ ಪಿಸಿ ಕಾರ್ಬೈನ್ ಕೈಗೆ ಕೊಟ್ಟರು. ಎರಡು ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಹೊಡೆದ ಮೇಲೆ ನನಗೆ ಉತ್ತರ ಸಿಕ್ಕಿತು. ಅದೂ ಭಾರದ ಬೋಲ್ಟಿನದೇ. ಆದರೆ ಬೋಲ್ಟಿನ ಒಳಗೆ ಓಡಾಡುವ ಟಂಗ್‌ಸ್ಟನ್ ತೂಕ ಇಟ್ಟು ಹೊಡೆತವನ್ನು ಮೆತ್ತಗೆ ಮಾಡಿದ್ದಾರೆ. ಟ್ರಿಗರ್ ಅವರದೇ 10/22 ರೈಫಲ್‌ನ ಭಾಗಗಳಿಂದ ಬಂದದ್ದು. ಎರಡು ತುಂಡಾಗಿ ಬಿಚ್ಚಿ ಸಣ್ಣ ಚೀಲದಲ್ಲಿ ಇಡಬಹುದು. ಎಲ್ಲಕ್ಕಿಂತ ಮುಖ್ಯ, ಮ್ಯಾಗಜಿನ್ ಹಾಕುವ ಭಾಗ ಬದಲಾಯಿಸಿದರೆ ಗ್ಲಾಕ್ ಮ್ಯಾಗಜಿನ್‌ಗಳೇ ಕೂರುತ್ತವೆ. ಇದ್ದ ಮ್ಯಾಗಜಿನ್‌ಗಳು ವ್ಯರ್ಥ ಆಗಬಾರದು ಎಂದೇ ನಾನು ಕಿಟ್ ಹಿಂದೆ ಬಿದ್ದದ್ದು. ಕೆಲ್‌ಟೆಕ್‌ನ ಮಡಚುವ ಸಬ್ 2000 ಕೂಡ ಗ್ಲಾಕ್ ಮ್ಯಾಗಜಿನ್ ತೆಗೆದುಕೊಳ್ಳುತ್ತದೆ, ಹಗುರ ಕೂಡ. ಕವಚಕ್ಕೆ 300 ಡಾಲರ್, ಮೇಲ್ಭಾಗಕ್ಕೆ 500ರ ಹತ್ತಿರ ಸುರಿದಿದ್ದೆ. ಅಷ್ಟು ಹಣಕ್ಕೆ ಪೂರ್ತಿ ಕಾರ್ಬೈನ್ ಮೊದಲೇ ಬರುತ್ತಿತ್ತು. ಜೊತೆಗೆ ಪಿಸ್ತೂಲು ಪಿಸ್ತೂಲಾಗಿಯೇ ಉಳಿಯುತ್ತಿತ್ತು. ಕಿಟ್ ಹಾಕಿದಾಗ ಒಂದು ಬಂದೂಕು ಸಿಗುತ್ತದೆ, ಒಂದು ಹೋಗುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಹಾಗಾದರೆ ಯಾರಿಗೂ ಬೇಡವಾ? ಮನೆಯಲ್ಲಿ ಒಂದೇ ಬಂದೂಕು ಸಾಕು, ಎರಡನೆಯದು ಬೇಡ ಎನ್ನುವವರಿಗೆ ಉದ್ದ ಬ್ಯಾರಲ್ ಇರುವ ಮೇಲ್ಭಾಗ ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ನನ್ನದನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ನಮ್ಮವರಿಗೆ ಎರಡು ಮಾತು. ಎಚ್-1ಬಿ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಇನ್ನು ಊರಿಗೆ ಹೋಗುವಾಗ ಕಿಟ್ ತೆಗೆದುಕೊಂಡು ಹೋಗುವ ಯೋಚನೆ ಬೇಡವೇ ಬೇಡ. ಭಾರತದಲ್ಲಿ 9 ಎಂಎಂ ಸಾಮಾನ್ಯ ಜನರಿಗೆ ನಿಷಿದ್ಧ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದಕ್ಕೆ ನೆರಳಾಗುವುದಿಲ್ಲ. ನನ್ನ ಚಿಕ್ಕಪ್ಪನ ಮಗ ಫೋನಿನಲ್ಲಿ ಆಸೆಯಿಂದ ಕೇಳಿದಾಗ ಇದನ್ನೇ ಹೇಳಿದೆ.

ಕವಚವನ್ನು ಮಾರಲು ಇಟ್ಟಿದ್ದೆ. ರೇಂಜಿನಲ್ಲಿ ಪರಿಚಯವಾದ ಹಿರಿಯರೊಬ್ಬರು ನೋಡಲು ಬಂದರು. ಪಾರ್ಶ್ವವಾಯು ಆದ ಮೇಲೆ ಅವರ ಎಡಗೈಯಲ್ಲಿ ಶಕ್ತಿ ಇರಲಿಲ್ಲ. ಪಿಸ್ತೂಲು ಬಿಟ್ಟು ಎರಡು ವರ್ಷ ಆಗಿತ್ತಂತೆ. ಝೀರೋ ಜರುಗುವುದು, ತೋಟೆ ಸಿಕ್ಕಿಕೊಳ್ಳುವುದು, ಎಲ್ಲ ಬಿಡಿಸಿ ಹೇಳಿದೆ. ಅವರು ತಮ್ಮ ಗ್ಲಾಕನ್ನು ಕೂರಿಸಿ, ಬ್ರೇಸನ್ನು ಬಲ ಮುಂಗೈಗೆ ಕಟ್ಟಿಸಿಕೊಂಡರು. ಕೈಯಲ್ಲಿ ಬಲ ಇಲ್ಲದವರಿಗೆಂದೇ ಬ್ರೇಸ್ ಹುಟ್ಟಿದ್ದು ಎಂಬುದು ಅವತ್ತು ನನ್ನ ಕಣ್ಣೆದುರಿಗೆ ಬಂತು. 15 ಗಜದಲ್ಲಿ ಐದು ಗುಂಡು ಹೊಡೆದರು. ಐದೂ ಕಾಗದದ ನಡುವೆ. ಅರ್ಧ ಬೆಲೆಗೆ ಕೊಟ್ಟೆ. ಮೊನ್ನೆ ಸಿಕ್ಕಾಗ ಕೇಳಿದೆ, ಝೀರೋ ಹೇಗಿದೆ ಎಂದು. ಜರುಗಿಲ್ಲ ಎಂದರು. ಆ ಗ್ಲಾಕನ್ನು ಅದರಿಂದ ಹೊರಗೆ ತೆಗೆಯುವುದೇ ಇಲ್ಲವಂತೆ.